ಶೀನಪ್ಪ ಮಾವನ ಜ್ವರ ಕುವೈತಿಗೆ ಹೋದದ್ದು

ಪಂಜ

ಪರದೇಶಕ್ಕೆ ಹೋಗಿ ಬಂದವನು ಪುತ್ತೂರಿಗೆ ರೇಡಿಯೊ ತರದಿದ್ದರೆ ಅವನು ಹೋದದ್ದನ್ನೇ ಯಾರೂ ನಂಬುವುದಿಲ್ಲ. ನಾನು ತಂದಿರಲಿಲ್ಲ. ನಮ್ಮ ಹೈಸ್ಕೂಲಿನ ಮಾಸ್ತರರೆಲ್ಲ ನನ್ನ ಖಾಲಿ ಕೈಯನ್ನು ನೋಡಿ, ಇವನು ಎರಡು ತಿಂಗಳು ಮಂಗಳೂರಿನಲ್ಲೇ ಯಾರದೋ ಮನೆಯಲ್ಲಿ ಬಿದ್ದಿದ್ದ ಎಂದು ತೀರ್ಮಾನಿಸಿದರು. ಅವರ ಸಮಾಧಾನಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಕುವೈತಿನಿಂದ ನಾವು ಏನನ್ನೂ ತರಲಿಲ್ಲ, ನಿಜ. ಆದರೆ ಇಲ್ಲಿಂದ ಅಲ್ಲಿಗೆ ಒಂದು ವಸ್ತುವನ್ನು ಕೊಂಡುಹೋಗಿದ್ದೆವು. ಸುಂಕದವರು ಪೆಟ್ಟಿಗೆಯ ಬುಡದ ತನಕ ಕೆದಕಿದರೂ ಅದು ಅವರಿಗೆ ಸಿಕ್ಕಿರಲಿಲ್ಲ.

ಹೊರಟವರು ನನ್ನ ಸೋದರಮಾವ, ಪಂಜದ ಶೀನಪ್ಪ ಮಾವ. ಅವರ ಮಗಳು ಶಾರದೆಯ ಗಂಡನಿಗೆ ಕುವೈತಿನ ಎಣ್ಣೆ ಕಂಪೆನಿಯೊಂದರಲ್ಲಿ ಗುಮಾಸ್ತಿಕೆ. ಮಗಳನ್ನು ನೋಡಬೇಕು ಎಂದು ಮಾವನಿಗೆ ಆಸೆಯಾಯಿತು. ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನು ಜೊತೆಗೆ ಕಟ್ಟಿದರು. ಮಾವನ ಬೈಗಳನ್ನು ದಾರಿಯುದ್ದಕ್ಕೂ ಕೇಳಲು ಒಬ್ಬ ಬೇಕಿತ್ತು ಎಂಬುದೇ ಸರಿಯಾದ ಕಾರಣವೆಂದು ನನಗೆ ಬೊಂಬಾಯಿ ತಲುಪುವ ಮೊದಲೇ ತಿಳಿಯಿತು.

ಮಾವನ ಬಗ್ಗೆ ಎರಡು ಮಾತು ಹೇಳಬೇಕು. ಅವರಿಗೆ ಯಾರೊಂದಿಗೂ ಹೊಂದಿಕೆಯಾಗುವುದಿಲ್ಲ. ಆಲಂಕಾರಿನ ತಮ್ಮನೊಡನೆ ಮಾತಿಲ್ಲ, ಬೆಳ್ಳಾರೆಯ ಭಾವನೊಡನೆ ವ್ಯಾಜ್ಯ, ಕಡಬದ ಬೀಗರ ಮನೆಯಲ್ಲಿ ನೀರು ಕೂಡ ಮುಟ್ಟುವುದಿಲ್ಲ. ಎರಡನೆಯದಾಗಿ, ಹುಟ್ಟಿದ ಲಾಗಾಯ್ತು ಅವರಿಗೆ ಯಾವ ಕಾಯಿಲೆಯೂ ಬಂದಿಲ್ಲ. ಇದನ್ನು ಅವರೇ ಹೇಳುತ್ತಿದ್ದರು, ನಾವೆಲ್ಲ ನಂಬುತ್ತಿದ್ದೆವು.

ನಂಬಿಕೆಗೆ ಹಿನ್ನೆಲೆ ಉಂಟು. ನಮ್ಮ ಹಿಂದಿನವರ ಕಾಲದಲ್ಲಿ ಸುಳ್ಯ, ಪಂಜ, ಕಡಬದ ಕಡೆ ಚಳಿಜ್ವರವೆಂದರೆ ಮನೆಯ ಬೆಕ್ಕಿನ ಹಾಗೆ, ಎಲ್ಲರ ಕಾಲಡಿಯಲ್ಲೂ ಇರುತ್ತಿತ್ತು. ಹೆಚ್ಚಿನವರಿಗೆ ಬರುತ್ತಿದ್ದದ್ದು ದಿನ ಬಿಟ್ಟು ದಿನ ನಡುಗಿಸುವ ಜ್ವರ. ಅಪರೂಪಕ್ಕೆ ಕೆಲವರಿಗೆ ಇನ್ನೊಂದು ಬಗೆಯದು. ಒಂದು ದಿನ ಹಲ್ಲು ಕಟಕಟ ಎನ್ನುವಂತೆ ನಡುಗಿಸಿ, ನಡುವೆ ಎರಡು ದಿನ ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದು, ನಾಲ್ಕನೆಯ ದಿನ ಅದೇ ಹೊತ್ತಿಗೆ ತಿರುಗಿ ಬರುವಂಥದ್ದು. ಬೆಳ್ಳಾರೆಯ ವೈದ್ಯರು ಅದಕ್ಕೆ ಚಾತುರ್ಥಿಕ ಎಂಬ ಸಂಸ್ಕೃತದ ಹೆಸರು ಕೊಟ್ಟು, ಹೆಸರಿಗೆ ತಕ್ಕಂತೆ ಕಿರಾತಕಡ್ಡಿಯ ಕಷಾಯವನ್ನು ಇನ್ನಷ್ಟು ಕಹಿ ಮಾಡಿ ಕೊಡುತ್ತಿದ್ದರು. ಆ ಜ್ವರ ಕೊಲ್ಲುವುದು ಕಡಿಮೆ, ಬಿಡುವುದು ಇನ್ನೂ ಕಡಿಮೆ.

ಮಾವನ ಮನೆಯಲ್ಲಿ ಇದಕ್ಕೊಂದು ಕಟ್ಟಳೆಯಿತ್ತು. ಜ್ವರ ಬಿಟ್ಟ ಮೇಲೆ ಮನೆಯ ಹಿರಿಯರು ಒಂದು ತೆಂಗಿನಕಾಯಿಯನ್ನು ಜಾಗದ ಗಡಿಯಾಚೆ ಇಟ್ಟು, ಹಿಂದೆ ನೋಡದೆ ಬರಬೇಕು. ಆಮೇಲೆ ಆ ಜ್ವರದ ಹೆಸರನ್ನು ಯಾರೂ ಎತ್ತಬಾರದು. ಎತ್ತಿದರೆ ಕರೆದ ಹಾಗೆ. ಕರೆದವನ ಮೈಗೇ ಅದು ಬರುತ್ತದೆ. ಯಾರಾದರೂ ಕೇಳಿದರೆ, ನಮ್ಮಲ್ಲಿಗೆ ಅದು ಬಂದದ್ದೇ ಇಲ್ಲ ಎನ್ನಬೇಕು. ಡಿಡಿಟಿ ಹೊಡೆಯಲು ಬಂದ ಸರಕಾರದವರಿಗೂ ಮಾವನ ಮನೆಯಲ್ಲಿ ಅದೇ ಉತ್ತರ ಸಿಕ್ಕಿತ್ತು. ಹಾಗಾಗಿ ಮದ್ದು ಹೊಡೆಯುವ ಮೊದಲೇ ಮಲೇರಿಯಾ ಇಲ್ಲದಂತಾದ ಮನೆ ಇಡೀ ತಾಲೂಕಿನಲ್ಲಿ ಅದೊಂದೇ ಇರಬೇಕು.

ಹಡಗು

ಮಾವನ ಸಾಮಾನಿನಲ್ಲಿ ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಒಂದು ತಾಮ್ರದ ಚೆಂಬು ಮತ್ತು ಒಂದು ಕರಿ ಕಂಬಳಿ ಇದ್ದವು. ಮರುಭೂಮಿಗೆ ಕಂಬಳಿ ಯಾಕೆ ಎಂದು ಕೇಳಿದೆ. ಪರಸ್ಥಳಕ್ಕೆ ಕಂಬಳಿಯಿಲ್ಲದೆ ಹೋಗುವವನು ನಿಮ್ಮ ಪುತ್ತೂರಿನಲ್ಲಿ ಇರಬಹುದು ಎಂದರು.

ಹಡಗಿನಲ್ಲಿ ಎಲ್ಲರಿಗೂ ವಾಂತಿ. ಮಾವನಿಗೆ ಮಾತ್ರ ಇಲ್ಲ. ಅವರು ಕಂಬಳಿ ಹಾಸಿ ಕೂತು, ವಾಂತಿ ಮಾಡುವವರಿಗೆಲ್ಲ ತಮ್ಮ ಆರೋಗ್ಯದ ಚರಿತ್ರೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಕೇಳುತ್ತಿದ್ದವರು ಪಠಾಣರು, ಗೋವೆಯವರು, ಸಿಂಧಿಗಳು. ಒಬ್ಬನಿಗೂ ಅರ್ಥವಾಗದ್ದರಿಂದ ಜಗಳವಾಗದೆ ಉಳಿಯಿತು. ಮಾವ ಇಷ್ಟು ದಿನ ಇಷ್ಟು ಜನರೊಡನೆ ಶಾಂತಿಯಿಂದ ಇದ್ದದ್ದು ನಾನು ಕಂಡಂತೆ ಅದೇ ಮೊದಲು.

ಕುವೈತ್, ಅಬೂ ಸಾಲೆಮನ ಮನೆ

ಕುವೈತಿನಲ್ಲಿ ಎರಡು ವಸ್ತು ಧಾರಾಳ: ಎಣ್ಣೆ ಮತ್ತು ಧೂಳು. ನೀರು ಮಾತ್ರ ಲಾರಿಯಲ್ಲಿ ಬರುತ್ತದೆ, ಸಮುದ್ರದ ನೀರನ್ನೇ ಕಾಯಿಸಿ ಸಿಹಿ ಮಾಡಿದ್ದು. ಮಾವ ಮೊದಲ ಚೆಂಬು ಕುಡಿದು, ಉಪ್ಪು ಸಾಲದು ಎಂದರು. ನಮ್ಮಲ್ಲಿ ಆಕಾಶದಿಂದ ಬೀಳುವುದನ್ನು ಇಲ್ಲಿ ಯಂತ್ರದಿಂದ ಮಾಡುತ್ತಾರೆ ಎಂಬುದು ಅವರಿಗೆ ಬಹಳ ದಿನ ಒಂದು ಮೋಸದ ಹಾಗೆಯೇ ಕಾಣುತ್ತಿತ್ತು. ಸೊಳ್ಳೆಗೆ ಮೊಟ್ಟೆಯಿಡಲು ಒಂದು ಚಿಪ್ಪು ನೀರಾದರೂ ಬೇಕಲ್ಲ, ಅದೂ ಆ ಊರಿನಲ್ಲಿ ಇರಲಿಲ್ಲ.

ಶಾರದೆಯ ಮನೆಯ ಮಾಲೀಕ ಅಬೂ ಸಾಲೆಂ ಎಂಬ ಮುದುಕ. ಪ್ರಾಯದಲ್ಲಿ ಹಾಯಿಹಡಗು ನಡೆಸಿದವನು, ಹಂಚು ಮತ್ತು ಮರ ತರಲು ಮಂಗಳೂರಿಗೆ ಬರುತ್ತಿದ್ದನಂತೆ. ಹರಕು ಹಿಂದೂಸ್ತಾನಿ ಗೊತ್ತಿತ್ತು. ನನ್ನದೂ ಹರಕೇ, ಎರಡನ್ನೂ ಸೇರಿಸಿ ಹೊಲಿದರೆ ಒಂದು ಮಾತಾಗುತ್ತಿತ್ತು. ಮಂಗಳೂರಿನ ಕಡೆಯವರು ಎಂದ ಕೂಡಲೇ ಅವನು ನಮ್ಮನ್ನು ಕಾಫಿಗೆ ಕರೆದ.

ಅಲ್ಲಿನ ಕಾಫಿಗೆ ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಮಾತ್ರ. ಕೊಡುವುದು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ. ಸಾಕಾದಾಗ ಬಟ್ಟಲನ್ನು ಬೆರಳಲ್ಲಿ ಹಿಡಿದು ಕುಲುಕಬೇಕು, ಇಲ್ಲದಿದ್ದರೆ ಹೊಯ್ಯುತ್ತಲೇ ಇರುತ್ತಾರೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಕಡಬದ ಬೀಗರ ಮನೆಯಲ್ಲೇ ನೀರು ಮುಟ್ಟದ ಮಾವ, ಹಿರಿಯನ ಮಾತು ಮೀರಲಾಗದೆ ಬಟ್ಟಲನ್ನು ತುಟಿಗೆ ತಾಗಿಸದೆ ಎತ್ತಿ ಹೊಯ್ದುಕೊಂಡರು. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಗೆ. ಸಾಕೆಂದು, ಬಾಳೆಲೆಯ ಮೇಲೆ ಕೈ ಅಡ್ಡ ಹಿಡಿಯುವಂತೆ ಬಟ್ಟಲಿನ ಮೇಲೆ ಕೈ ಹಿಡಿದರು. ಕೈ ತೆಗೆದ ಕೂಡಲೇ ಮತ್ತೆ ತುಂಬಿತು. ಮಾವನ ಬಿಳಿ ಅಂಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅಬೂ ಸಾಲೆಮನೇ ಕರುಣೆಯಿಂದ ಅವರ ಕೈ ಹಿಡಿದು ಕುಲುಕಿಸಿದ.

ಆಸ್ಪತ್ರೆ, ಮೊದಲ ಸಲ

ಅಬೂ ಸಾಲೆಮನ ಸೊಸೆ ನೂರಾ. ಮಾಳಿಗೆಯ ಮೇಲೆ ಬಟ್ಟೆ ಒಣಗಿಸುವಾಗ ಅವಳಿಗೂ ಶಾರದೆಗೂ ಭಾಷೆಯೇ ಇಲ್ಲದ ಗೆಳೆತನ ಆಗಿತ್ತು. ನಾವು ಹೋದ ಕೆಲವೇ ದಿನಗಳಲ್ಲಿ ಅವಳಿಗೆ ಆಸ್ಪತ್ರೆಯಲ್ಲಿ ಗಂಡುಮಗುವಾಯಿತು. ಹೆರಿಗೆಯ ನಂತರ ರಕ್ತ ನಿಲ್ಲಲಿಲ್ಲ. ಅವಳ ಗಂಡ ಕೊಟ್ಟ, ಮೈದುನ ಕೊಟ್ಟ, ಸಾಲಲಿಲ್ಲ. ಆಮೇಲೆ ಕೇರಿಯ ಗಂಡಸರೆಲ್ಲ ಸಾಲಾಗಿ ನಿಂತರು, ನಾನೂ ನಿಂತೆ. ನನ್ನ ರಕ್ತ ಹೊಂದಲಿಲ್ಲ. ಹೊಂದಿದ್ದು ಯಾರದೆಂದರೆ ಮಾವನದು. ಅವರದ್ದು ಯಾರಿಗೆ ಬೇಕಾದರೂ ಕೊಡಬಹುದಾದ ಜಾತಿಯ ರಕ್ತವಂತೆ. ತನ್ನ ತಮ್ಮನೊಡನೆ ಹೊಂದದ ಮನುಷ್ಯನ ರಕ್ತ ಲೋಕದ ಎಲ್ಲರೊಡನೆ ಹೊಂದುತ್ತದೆ ಎಂದು ಕೇಳಿ, ವಿಜ್ಞಾನದ ಮೇಲೆ ನನಗಿದ್ದ ಗೌರವ ಸ್ವಲ್ಪ ಅಲುಗಾಡಿತು.

ಅಲ್ಲಿ ಏಲಿಯಮ್ಮ ಎಂಬ ಮಲೆಯಾಳಿ ನರ್ಸ್ ಇದ್ದರು, ವಯನಾಡಿನವರು. ಮಾವನಿಗೆ ಮಲೆಯಾಳ ಅರ್ಥವಾಗುತ್ತದೆ. ಕಾಮಾಲೆ ಬಂದಿತ್ತೇ, ಮಲೇರಿಯಾ ಬಂದಿತ್ತೇ ಎಂದು ಏಲಿಯಮ್ಮ ಕೇಳಿದರು. ಮಾವ ಕಣ್ಣು ಮಿಟುಕಿಸದೆ, ನಮ್ಮಲ್ಲಿಗೆ ಬಂದದ್ದೇ ಇಲ್ಲ ಎಂದರು. ಒಂದು ಬಾಟಲಿ ರಕ್ತ ಕೊಟ್ಟು ಎದ್ದು, ಅಲ್ಲಿ ಕೊಟ್ಟ ಕಿತ್ತಳೆ ರಸವನ್ನು ಬೇರೆಯವರ ಲೋಟ ಎಂದು ಬೇಡವೆಂದರು. ಮೈಯೊಳಗಿನದನ್ನು ಕೊಡಲು ಅಡ್ಡಿಯಿಲ್ಲ, ಲೋಟ ಮುಟ್ಟಲು ಅಡ್ಡಿ. ನಮ್ಮ ಊರಿನ ಆಚಾರವನ್ನು ಏಲಿಯಮ್ಮನಿಗೆ ವಿವರಿಸಲು ನನ್ನಿಂದಾಗಲಿಲ್ಲ.

ನೂರಾ ಉಳಿದಳು. ಅಬೂ ಸಾಲೆಂ ಮಾವನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಮಾವ ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರು. ಆದರೆ ಅಂದು ಊಟಕ್ಕೆ ಕೂತಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಯಾವ ವ್ಯಾಜ್ಯ ಗೆದ್ದಾಗಲೂ ನೋಡಿರಲಿಲ್ಲ.

ಮಿಠಾಯಿ

ತಿಂಗಳು ಕಳೆದಿತ್ತು. ಒಂದು ದಿನ ನೂರಾಳಿಗೆ ಜ್ವರ ಬಂತು, ನಡುಗುವ ಜ್ವರ. ಆಸ್ಪತ್ರೆಗೆ ಒಯ್ದರು. ಅಲ್ಲಿನ ಡಾಕ್ಟರು ಈಜಿಪ್ಟಿನವರು, ಬಹಳ ಓದಿದವರು. ಬಾಣಂತಿಯ ನಂಜು ಎಂದು ಸೂಜಿ ಚುಚ್ಚಿದರು. ಮರುದಿನ ಜ್ವರವಿಲ್ಲ. ಅಬೂ ಸಾಲೆಂ ಸಂತೋಷದಿಂದ ಇಡೀ ಕೇರಿಗೆ ಮಿಠಾಯಿ ಹಂಚಿದ. ಮಿಠಾಯಿ ಮುಗಿಯುವಷ್ಟರಲ್ಲಿ ಜ್ವರ ತಿರುಗಿ ಬಂತು. ಡಾಕ್ಟರು ಸೂಜಿ ಬದಲಿಸಿದರು, ಜ್ವರ ಹೋಯಿತು, ಮಿಠಾಯಿ ಬಂತು. ಮತ್ತೆ ಜ್ವರ. ವಿಷಮಶೀತವೋ ಎಂದು ಮದ್ದು ಕೊಟ್ಟರು. ಪುನಃ ಮಿಠಾಯಿ. ಹೀಗೆ ಆ ಜ್ವರದಿಂದ ಸಂತೋಷಗೊಂಡವನು ಮಿಠಾಯಿ ಅಂಗಡಿಯವನೊಬ್ಬನೇ. ಆ ಹುಡುಗಿ ಮಾತ್ರ ದಿನದಿಂದ ದಿನಕ್ಕೆ ಬಿಳುಚಿಕೊಂಡು, ಮಗುವಿಗೆ ಹಾಲೂಡುವ ತ್ರಾಣವಿಲ್ಲದೆ ಮಲಗಿದ್ದಳು.

ಈ ಸುದ್ದಿಯನ್ನು ಶಾರದೆ ರಾತ್ರಿಯ ಊಟಕ್ಕೆ ಬಡಿಸುತ್ತಾ ಹೇಳಿದಳು. ಒಂದು ದಿನ ನಡುಗುವುದು, ಎರಡು ದಿನ ಚೆನ್ನಾಗಿರುವುದು, ಮತ್ತೆ ಅದೇ ಮಧ್ಯಾಹ್ನದ ಹೊತ್ತಿಗೆ ನಡುಗುವುದು. ದೃಷ್ಟಿಯೋ ಏನೋ ಎಂದಳು. ಮಾವನ ಕೈ ಅನ್ನದ ಮೇಲೆ ನಿಂತಿತು. ಎಡಗೈಯ ಬೆರಳಿನಲ್ಲಿ ಏನನ್ನೋ ಎಣಿಸಿದರು. ಇನ್ನು ಯಾವತ್ತು ಬರುತ್ತದೆ ಎಂದು ಕೇಳಿದರು. ನಾಳೆ ಎಂದಳು ಶಾರದೆ. ಮಾವ ಮಜ್ಜಿಗೆಗೆ ಕಾಯದೆ ಎದ್ದು ಕೈ ತೊಳೆದರು. ಹುಳಿ ಕಡಿಮೆಯಾಗಿದೆ ಎಂದು ಬೈಯದೆ ಅವರು ಎದ್ದದ್ದು ನೋಡಿ ನನಗೆ ಹೆದರಿಕೆಯಾಯಿತು.

ಆಸ್ಪತ್ರೆ, ಎರಡನೇ ಸಲ

ಮರುದಿನ ಮಾವ ಸ್ನಾನ ಮಾಡಿ, ಕಂಬಳಿಯನ್ನು ಹೆಗಲಿಗೆ ಹಾಕಿ ಹೊರಟು ನಿಂತರು. ಹೊರಗೆ ಕಲ್ಲು ಸಿಡಿಯುವ ಬಿಸಿಲು. ಟ್ಯಾಕ್ಸಿಯವನು ಕಂಬಳಿಯನ್ನೂ ಮಾವನನ್ನೂ ನೋಡಿ, ಕರೆದೊಯ್ಯಬೇಕಾದ್ದು ಬೇರೆ ಆಸ್ಪತ್ರೆಗಲ್ಲವೇ ಎಂದು ನನ್ನ ಕಡೆಗೆ ತಿರುಗಿ ಕೇಳಿದ.

ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ಬಾಗಿಲಿಗೆ ಪರದೆಯಿತ್ತು. ಒಳಗಿನಿಂದ ಮಂಚ ಅಲುಗುವ ಸದ್ದು ಕೇಳುತ್ತಿತ್ತು, ನಡುಕ ಶುರುವಾಗಿತ್ತು. ಅಬೂ ಸಾಲೆಂ ಗೋಡೆಗೊರಗಿ ಜಪಮಣಿ ಎಣಿಸುತ್ತಿದ್ದ. ಏಲಿಯಮ್ಮ ಬಿಸಿನೀರಿನ ಚೀಲ ಹಿಡಿದು ಹೊರಗೆ ಬಂದವರು, ಮಾವನನ್ನು ನೋಡಿ ನಿಂತರು. ಮಾವ ಪರದೆಯ ಎದುರು ಚಪ್ಪಲಿ ಕಳಚಿದರು. ಕಂಬಳಿಯನ್ನು ಮೈತುಂಬ ಹೊದ್ದುಕೊಂಡರು. ಆಮೇಲೆ, ಪಂಜದ ಮನೆಯಲ್ಲಿ ಯಾರೂ ಎತ್ತದ ಹೆಸರನ್ನು ಗಟ್ಟಿಯಾಗಿ ಎತ್ತಿದರು.

“ನಾಲ್ಕನೇ ದಿನದ ಚಳಿಜ್ವರವೇ, ನೀನು ನನ್ನದು. ಆ ಹುಡುಗಿಗೆ ನಿನ್ನ ಗುರ್ತ ಇಲ್ಲ, ಬಿಡು ಅವಳನ್ನು. ಪಂಜದ ಶೀನಪ್ಪ ಇಲ್ಲಿ ಉಂಟು. ಸಣ್ಣದಿರುವಾಗ ಬಂದ ಹಾಗೆ ನನ್ನ ಮೈಗೇ ಬಾ.”

ನನಗೆ ಆಗ ಗೊತ್ತಾಯಿತು. ಹುಟ್ಟಿದ ಲಾಗಾಯ್ತು ಕಾಯಿಲೆ ಬಾರದ ಮಾವ ತಮ್ಮ ಬಾಲ್ಯವನ್ನೆಲ್ಲ ಈ ಜ್ವರದಲ್ಲೇ ಕಳೆದಿದ್ದರು. ಅವರು ಡಾಕ್ಟರಿಗೆ ಏನನ್ನೂ ತಿಳಿಸಲು ಬಂದವರಲ್ಲ. ರಕ್ತದ ಜೊತೆಗೆ ಜ್ವರವೂ ಹೋಗಿದೆ, ಹೆಸರು ಹಿಡಿದು ಕರೆದರೆ ಮನೆಯ ಕಟ್ಟಳೆಯ ಪ್ರಕಾರ ಕರೆದವನಿಗೆ ಅದು ವಾಪಸು ಬರುತ್ತದೆ ಎಂದು ಕರೆಯಲು ಬಂದಿದ್ದರು. ಅಬೂ ಸಾಲೆಮನಿಗೆ ಒಂದು ಮಾತೂ ತಿಳಿಯಲಿಲ್ಲ, ಆದರೂ ಜಪಮಣಿ ಎಣಿಸುವುದನ್ನು ನಿಲ್ಲಿಸಿದ.

ಏಲಿಯಮ್ಮನಿಗೆ ತಿಳಿಯಿತು. ವಯನಾಡು ಕನ್ನಡದ ಗಡಿಯ ಊರು, ಅಲ್ಲೂ ಆ ಜ್ವರವಿತ್ತು. ಅವರು ನನ್ನನ್ನು ಎಳೆದುಕೊಂಡು ಡಾಕ್ಟರ ಬಳಿಗೆ ಹೋದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಈ ಊರಿನಲ್ಲಿ ಮಲೇರಿಯಾ ಇಲ್ಲ, ಇವಳು ಊರು ಬಿಟ್ಟು ಹೋದವಳೂ ಅಲ್ಲ ಎಂದು ಡಾಕ್ಟರು ರೇಗಿದರು. ಅವಳು ಹೋಗಿಲ್ಲ, ನಮ್ಮ ಊರೇ ಅವಳ ಹತ್ತಿರ ಬಂದಿದೆ ಎಂದೆ. ನಾನು ಆ ಪ್ರವಾಸದಲ್ಲಿ ಆಡಿದ ಒಳ್ಳೆಯ ಇಂಗ್ಲಿಷ್ ವಾಕ್ಯ ಅದೊಂದೇ.

ನೂರಾಳ ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದರು. ಮೊದಲ ಗಾಜಿನಲ್ಲಿ ಏನೂ ಕಾಣಲಿಲ್ಲ. ಈ ಜಾತಿಯ ಜೀವಿಗಳು ಸಂಖ್ಯೆಯಲ್ಲಿ ಬಹಳ ಕಡಿಮೆಯಂತೆ. ಇನ್ನೊಂದರಲ್ಲಿ ಕಂಡಿತು. ಕಂಡ ಕೂಡಲೇ ಡಾಕ್ಟರ ಮುಖ ಅರಳಿತು. ಪಕ್ಕದ ವಾರ್ಡುಗಳಿಂದ ಬೇರೆ ಡಾಕ್ಟರುಗಳನ್ನೂ ಕರೆಸಿದರು. ಬಾಣಂತಿ ಒಳಗೆ ನಡುಗುತ್ತಿರುವಾಗ ಹೊರಗೆ ಒಂದು ಸಣ್ಣ ಮದುವೆಯ ಸಂಭ್ರಮ. ನನ್ನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದುಂಡಗಿನ ರಕ್ತದ ಕಣದ ಮೇಲೆ ಅಡ್ಡಲಾಗಿ ಒಂದು ನೀಲಿ ಪಟ್ಟಿ, ತಾಲೂಕು ಕಚೇರಿಯ ಜವಾನ ಮೈಗೆ ಹಾಕಿಕೊಳ್ಳುವ ಪಟ್ಟಿಯ ಹಾಗೆ. ನಮ್ಮ ಊರಿನದ್ದೇ ಎಂದು ನೋಡಿದ ಕೂಡಲೇ ಅನಿಸಿತು.

ಸಂತೋಷದ ಭರದಲ್ಲಿ ಡಾಕ್ಟರು ನನಗೆ ಒಂದು ಪಾಠವನ್ನೇ ಮಾಡಿದರು. ಮಲೇರಿಯಾದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಒಂದು ಮಿದುಳಿಗೆ ಏರಿ ಕೊಲ್ಲುವುದು. ಇನ್ನೊಂದು ದಿನ ಬಿಟ್ಟು ದಿನ ಬರುವ, ಎಲ್ಲೆಲ್ಲೂ ಕಾಣುವಂಥದ್ದು. ಮೂರನೆಯದು ಹೆಚ್ಚಾಗಿ ಪಶ್ಚಿಮ ಆಫ್ರಿಕಾದ ಕಡೆಯದು, ಅಪರೂಪದ್ದು. ಇದೂ ಎರಡನೆಯದೂ ಲಿವರಿನೊಳಗೆ ಅಡಗಿ ಕೂತು ತಿಂಗಳುಗಳ ಮೇಲೆ ತಲೆಯೆತ್ತುತ್ತವೆ, ಅವುಗಳನ್ನು ಅಲ್ಲಿಂದ ಹೊರಹಾಕಲು ಪ್ರಿಮಾಕ್ವಿನ್ ಎಂಬ ಬೇರೆ ಗುಳಿಗೆಯನ್ನು ಎರಡು ವಾರ ನುಂಗಬೇಕು. ನಾಲ್ಕನೆಯದೇ ನಮ್ಮದು. ಲಿವರಿನಲ್ಲಿ ಅಡಗುವ ಕಪಟ ಇದಕ್ಕಿಲ್ಲ. ರಕ್ತದಲ್ಲೇ, ಯಾರ ಕಣ್ಣಿಗೂ ಬೀಳದಷ್ಟು ಕಡಿಮೆ ಸಂಖ್ಯೆಯಲ್ಲಿ, ವರ್ಷಾನುಗಟ್ಟಲೆ ತೆಪ್ಪಗೆ ಕೂತಿರುತ್ತದೆ. ಇದಕ್ಕೆ ಕ್ಲೋರೊಕ್ವಿನ್ ಗುಳಿಗೆ ಮೂರು ದಿನ ಕೊಟ್ಟರೆ ಸಾಕು. ಸಾರಾಂಶವಿಷ್ಟು: ಇಷ್ಟು ದಿನ ಚುಚ್ಚಿದ ಸೂಜಿಗಳೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಇದನ್ನು ಡಾಕ್ಟರು ಹೇಳಲಿಲ್ಲ.

ತಂಪು ವರಾಂಡ

ಮಾವನ ಬೆರಳನ್ನೂ ಚುಚ್ಚಿದರು. ಬಹಳ ಹೊತ್ತು ಹುಡುಕಿದ ಮೇಲೆ ಅದೇ ಪಟ್ಟಿಯ ಒಂದೆರಡು ಜವಾನರು ಅವರ ರಕ್ತದಲ್ಲೂ ಸಿಕ್ಕಿದರು. ಡಾಕ್ಟರು ಗುಳಿಗೆ ಕೊಟ್ಟರೆ ಮಾವ ಬಾಯಿ ತೆರೆಯಲಿಲ್ಲ. ಮಾವನದ್ದು ಅವರದೇ ತರ್ಕ.

“ನಾನು ಗುಳಿಗೆ ತಿಂದು ಬಾಗಿಲು ಹಾಕಿದ್ರೆ ಅದು ಎಲ್ಲಿಗೆ ಹೋಗುದು ಮಾರಾಯ? ಪುನಃ ಆ ಹುಡುಗಿಯ ಹತ್ತಿರವೇ. ಮೊದಲು ಅವಳದ್ದು ಬಿಡಲಿ.”

ಡಾಕ್ಟರು ಇಂಗ್ಲಿಷಿನಲ್ಲೂ ಅರಬಿಯಲ್ಲೂ ಗದರಿದರು. ಕಡೆಗೆ ಏಲಿಯಮ್ಮ, ನೂರಾಳ ಮುಂದಿನ ಸರದಿ ಜ್ವರವಿಲ್ಲದೆ ಕಳೆದರೆ ಅಂದೇ ನೀವು ನುಂಗಬೇಕು ಎಂದು ಮಾವನಿಂದ ಮಾತು ತೆಗೆದುಕೊಂಡರು.

ಆ ಸರದಿಯ ದಿನ ಮಾವ ವಾರ್ಡಿನ ಹೊರಗಿನ ವರಾಂಡದಲ್ಲಿ ಬೆಳಗ್ಗೆಯೇ ಬಂದು ಕೂತರು. ಅವರು ಆರಿಸಿದ ಬೆಂಚು ತಂಪು ಮಾಡುವ ಯಂತ್ರದ ಬಾಯಿಗೆ ಸರಿಯಾಗಿತ್ತು. ನಡುಮಧ್ಯಾಹ್ನವಾಗುವಾಗ ಮಾವನ ಹಲ್ಲು ಕಟಕಟ ಎನ್ನತೊಡಗಿತು. ಕಂಬಳಿ ಬಿಗಿಯಾಗಿ ಹೊದ್ದು, ಬಂತು, ಬಂತು ಎಂದರು. ಅವರ ಮುಖದಲ್ಲಿ ನೆಮ್ಮದಿಯಿತ್ತು. ಏಲಿಯಮ್ಮ ಥರ್ಮಾಮೀಟರ್ ಇಟ್ಟು ನೋಡಿ ನನಗೆ ತೋರಿಸಿದರು. ಜ್ವರದ ಲವಲೇಶವೂ ಇರಲಿಲ್ಲ. ನಡುಗಿಸುತ್ತಿದ್ದದ್ದು ಆ ಯಂತ್ರ. ಇಬ್ಬರೂ ಬಾಯಿ ಬಿಡಲಿಲ್ಲ.

ಪರದೆಯ ಒಳಗಿನಿಂದ ಮಂಚ ಅಲುಗುವ ಸದ್ದು ಬರಲಿಲ್ಲ. ಸಂಜೆಯ ತನಕ ಕಾದೆವು. ಬಂದದ್ದು ಮಗು ಅಳುವ ಸದ್ದು, ಆಮೇಲೆ ಅದನ್ನು ಸುಮ್ಮನಾಗಿಸುವ ತಾಯಿಯ ದನಿ. ನಾವು ಅವಳ ಮುಖವನ್ನು ಒಮ್ಮೆಯೂ ನೋಡಿದವರಲ್ಲ, ದನಿ ಕೇಳಿದ್ದು ಅದೇ ಮೊದಲು. ಮಾವ ಕಂಬಳಿಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ಗುಳಿಗೆಯಿಂದ ವಾಸಿಯಾಯಿತು ಎಂದರು ಡಾಕ್ಟರು. ದೇವರ ದಯೆ ಎಂದ ಅಬೂ ಸಾಲೆಂ. ನಾನು ಕರೆದದ್ದು ಅದಕ್ಕೆ ಕೇಳಿತು ಎಂದರು ಮಾವ. ಡಾಕ್ಟರು ಇಂಗ್ಲಿಷಿನಲ್ಲಿ, ಅಬೂ ಸಾಲೆಂ ಹಿಂದೂಸ್ತಾನಿಯಲ್ಲಿ, ಮಾವ ಕನ್ನಡದಲ್ಲಿ ಆಡಿದ್ದರಿಂದ ಮೂವರೂ ಒಪ್ಪಿದರು.

ಮಾವ ಗುಳಿಗೆ ನುಂಗಿ, ಬೆಳ್ಳಾರೆಯ ಕಷಾಯದ ಮುಂದೆ ಇದು ಪಾಯಸ ಎಂದರು. ಅಬೂ ಸಾಲೆಂ ಕಾಫಿ ತರಿಸಿದ. ಮಾವ ಈ ಸಲ ಬಟ್ಟಲನ್ನು ತುಟಿಗೆ ತಾಗಿಸಿಯೇ ಕುಡಿದರು. ಮತ್ತೆ ತುಂಬಿದ, ಮತ್ತೆ ಕುಡಿದರು. ಕುಲುಕುವುದು ಗೊತ್ತಿದ್ದೂ ಬಹಳ ಹೊತ್ತು ಅವರು ಕುಲುಕಲಿಲ್ಲ.

ಮತ್ತೆ ಪಂಜ

ಊರಿಗೆ ಬಂದ ವಾರದಲ್ಲೇ ಮಾವನ ಮನೆಗೆ ಮಲೇರಿಯಾದವನು ಬಂದ. ಡಿಡಿಟಿ ಕೆಲಸ ಮುಗಿದ ಮೇಲೆ ಮನೆಮನೆಗೆ ಹೋಗಿ ಜ್ವರ ಉಂಟೋ ಎಂದು ವಿಚಾರಿಸುವ ಕೆಲಸದವನು. ನಾನೂ ಅಂದು ಅಲ್ಲಿದ್ದೆ. ಅವನು ಜಗಲಿ ಹತ್ತುವ ಮೊದಲೇ ಗೋಡೆಯ ಮೇಲೆ ಇಲ್ಲ ಎಂದು ಗುರುತು ಹಾಕಲು ಪೆನ್ಸಿಲ್ ತೆಗೆದಿದ್ದ. ಈ ಮನೆಯ ಉತ್ತರ ಅವನಿಗೆ ಬಾಯಿಪಾಠವಾಗಿತ್ತು.

ಮಾವ ಹಾಗಲ್ಲ ಎಂದರು. ನನಗೆ ನಾಲ್ಕನೇ ದಿನದ ಚಳಿಜ್ವರ ಇತ್ತು, ಕುವೈತಿನಲ್ಲಿ ಮದ್ದಾಯಿತು, ಪೂರ್ತಿ ಹೋಗಿದೆಯೋ ಇಲ್ಲವೋ ನೋಡು ಎಂದರು. ಒಳಗೆ ಅತ್ತೆಯ ಕೈಯಿಂದ ಸೌಟು ಬಿತ್ತು. ಪೆನ್ಸಿಲಿನವನ ಮುಖ ಅತ್ತೆಯ ಮುಖಕ್ಕಿಂತ ಹೆಚ್ಚು ಬಿಳುಚಿತು.

“ಎಂತ ಮಾರಾಯ್ರೆ ನೀವು. ನನ್ನ ಜಾಗದಲ್ಲಿ ಮಲೇರಿಯಾ ಇಲ್ಲ ಅಂತ ಮೇಲೆ ಹೇಳಿ ಆಗಿದೆ. ಈಗ ಉಂಟು ಅಂದ್ರೆ ನಾನು ಎಲ್ಲಿಗೆ ಹೋಗುದು? ಎಂದಿನ ಹಾಗೆ ಇಲ್ಲ ಅಂತ ಹೇಳಿ, ಮುಗೀತು.”

ಮಾವ ಬಿಟ್ಟ ಕಟ್ಟಳೆಯನ್ನು ಆ ಪುಣ್ಯಾತ್ಮ ಹಿಡಿದುಕೊಂಡಿದ್ದ. ನನಗೆ ನಗು ಬಂತು, ಮಾವನಿಗೆ ಬರಲಿಲ್ಲ. ಅವರು ಜಗಲಿಯಲ್ಲಿ ಅವನ ಎದುರು ಚಕ್ಕಳಮಕ್ಕಳ ಹಾಕಿ ಕೂತರು.

“ಅಲ್ಲಿ ಒಂದು ಬಾಣಂತಿ ಸಾಯ್ಲಿಕ್ಕೆ ಆಗಿತ್ತು, ನಾನು ಇಲ್ಲ ಅಂತ ಹೇಳಿದ್ದಕ್ಕೆ. ಇನ್ನು ಹೇಳುದಿಲ್ಲ. ರಕ್ತ ತೆಗಿ.”

ಎಂದು ಬಲಗೈಯ ಬೆರಳು ಚಾಚಿ ಹಿಡಿದರು. ಅವನು ಚೀಲದೊಳಗೆ ಕೈ ಹಾಕಿ ಸೂಜಿ ಹುಡುಕತೊಡಗಿದ. ನಾನು ಕಾಫಿ ಕುಡಿದು ಮುಗಿಸುವಾಗಲೂ ಹುಡುಕುತ್ತಲೇ ಇದ್ದ. ಮಾವ ಚಾಚಿದ ಬೆರಳನ್ನು ಮಡಚಿರಲಿಲ್ಲ.